ತಿರುವಿ ನೋಡಿದರೂ ಅದೇ ತೇರು: ಕಸೂತಿ ಬಲ್ಲವರಿಗೊಂದು ಬಹಿರಂಗ ಪತ್ರ

ಧಾರವಾಡ, ಹುಬ್ಬಳ್ಳಿ, ಗದಗ, ಬಾಗಲಕೋಟೆ ಸೀಮೆಯ ಅಜ್ಜಿಯರಿಗೆ, ಅವ್ವಂದಿರಿಗೆ, ಅಕ್ಕಂದಿರಿಗೆ. ಆ ಸೀಮೆಯಿಂದ ಮದುವೆಯಾಗಿಯೋ ನೌಕರಿ ಹಿಡಿದೋ ಬೆಂಗಳೂರು, ಪುಣೆ, ಮುಂಬಯಿಗೆ, ಇನ್ನೂ ದೂರದ ದೇಶಗಳಿಗೆ ಹೋಗಿ ನೆಲೆಸಿದರೂ ಟ್ರಂಕಿನ ತಳದಲ್ಲಿ ಒಂದು ಕಸೂತಿ ಸೀರೆಯನ್ನು ಜೋಪಾನ ಮಾಡಿದವರಿಗೆ.

ಈ ಪತ್ರ ನಿಮ್ಮಲ್ಲಿ ಕೇಳುವುದು ಒಂದೇ. ನಿಮ್ಮ ಕೈಗೆ ಬರುವ ಕಸೂತಿಯನ್ನು ಈ ವರ್ಷ ಒಬ್ಬರಿಗೆ ಕಲಿಸಿ. ಮಾರಾಟಕ್ಕಲ್ಲ, ಹೊಟ್ಟೆಪಾಡಿಗಲ್ಲ, ಬಹುಮಾನಕ್ಕೂ ಅಲ್ಲ. ಬಿಡುವಿನ ಹೊತ್ತಿನ ಸುಖಕ್ಕೆ.

ಮೈಸೂರು, ಬೆಂಗಳೂರಿನ ಕಡೆ ಕಸೂತಿ ಎಂದರೆ ಬಟ್ಟೆಯ ಮೇಲೆ ಸೂಜಿಯಿಂದ ಮಾಡಿದ ಯಾವ ಅಲಂಕಾರಕ್ಕೂ ಸಲ್ಲುವ ಮಾತು. ಚೈನ್ ಸ್ಟಿಚ್, ಲೇಜಿ ಡೇಜಿ, ದಿಂಬಿನ ಕವರಿನ ಮೇಲಿನ ಗುಲಾಬಿ, ಎಲ್ಲವೂ ಕಸೂತಿಯೇ. ನಿಮ್ಮ ಕಡೆ ಆ ಮಾತಿಗೆ ಇಷ್ಟು ಸಡಿಲವಿಲ್ಲ. ಅಚ್ಚು ಒತ್ತದೆ, ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳದೆ, ಕಾರ್ಬನ್ ಹಾಳೆ ಇಡದೆ, ಬಟ್ಟೆಯ ಎಳೆಗಳನ್ನು ಎಣಿಸಿ ಹಾಕಿದ್ದೇ ಕಸೂತಿ. ಚಿತ್ರ ಬಟ್ಟೆಯ ಮೇಲೆ ಮೊದಲು ಇರುವುದಿಲ್ಲ. ಅದು ಹಾಕುವವಳ ತಲೆಯಲ್ಲಿರುತ್ತದೆ, ಎಣಿಕೆಯಾಗಿ.

ಹೊಲಿಗೆಗಳು ನಾಲ್ಕೇ: ಗವಂತಿ, ಮುರ್ಗಿ, ನೇಗಿ, ಮೆಂತಿ. ಗವಂತಿ ನೇರವಾಗಿ, ಅಡ್ಡವಾಗಿ, ಓರೆಯಾಗಿ ಗೆರೆ ಹಿಡಿದು ಹೋಗಿ, ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಸಂದುಗಳನ್ನು ತುಂಬಿಕೊಂಡು ಬರುತ್ತದೆ. ಮುರ್ಗಿಯ ನಡಿಗೆಯೂ ಅದೇ, ಆದರೆ ಮೆಟ್ಟಿಲು ಹತ್ತಿದಂತೆ ಅಂಕುಡೊಂಕು. ನೇಗಿ, ಹೆಸರೇ ಹೇಳುವಂತೆ, ಸೂಜಿಯಿಂದ ಹಾಕಿದ್ದೋ ಮಗ್ಗದಲ್ಲೇ ನೇಯ್ದದ್ದೋ ಎಂದು ನೋಡುವವರು ತಡವರಿಸಬೇಕು. ಮೆಂತ್ಯದ ಕಾಳು ಸಾಲಾಗಿ ಇಟ್ಟಂತೆ ಕಾಣುವ ಅಡ್ಡ ಹೊಲಿಗೆ ಮೆಂತಿ. ಪೇಟೆಯವರು ಕ್ರಾಸ್ ಸ್ಟಿಚ್ ಅನ್ನುವುದು ಇದಕ್ಕೇ. ಈ ನಾಲ್ಕರಿಂದ ಹುಟ್ಟಿದ ಲೋಕ ಎಷ್ಟು ದೊಡ್ಡದು! ತೇರು, ಗೋಪುರ, ತುಳಸಿ ಕಟ್ಟೆ, ಅಂಬಾರಿ ಹೊತ್ತ ಆನೆ, ನಂದಿ, ನವಿಲು, ಗಿಳಿ, ಪಲ್ಲಕ್ಕಿ, ತೊಟ್ಟಿಲು, ಕಮಲ. ಗುಡಿಯಲ್ಲಿ, ಜಾತ್ರೆಯಲ್ಲಿ, ಅಂಗಳದಲ್ಲಿ ಹೆಣ್ಣುಮಗಳ ಕಣ್ಣಿಗೆ ಬಿದ್ದದ್ದೆಲ್ಲ ಇಳಕಲ್ ಸೀರೆಗೆ ಬಂತು. ಕೆಂಪು ಟೋಪ ತೆನಿ ಸೆರಗಿನ ಹತ್ತಿರ ದೊಡ್ಡ ತೇರುಗಳು, ಒಡಲಿಗೆ ಇಳಿದಂತೆ ಚಿಕ್ಕ ಚಿಕ್ಕ ಬುಟ್ಟಾಗಳು. ಮದುವಣಗಿತ್ತಿಗೆ ಕೊಡುವ ಕಪ್ಪು ಚಂದ್ರಕಾಳಿ ಸೀರೆಯ ಮೇಲಂತೂ ಅದು ಕತ್ತಲಲ್ಲಿ ದೀಪದ ಸಾಲು. ಖಣದ ಕುಪ್ಪಸ, ಕೂಸಿನ ಕುಂಚಿಗೆ ಕೂಡ ಬರಿದಾಗಿರಲಿಲ್ಲ.

ಗವಂತಿಯ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕಸೂತಿಯ ಪ್ರಾಣ ಅಲ್ಲಿದೆ. ಗಂಟು ಎಂಬ ಮಾತಿನಿಂದ ಆ ಹೆಸರು ಬಂತು ಎನ್ನುವವರಿದ್ದಾರೆ. ಆದರೆ ಕಸೂತಿಯಲ್ಲಿ ಗಂಟು ಹಾಕುವುದೇ ತಪ್ಪು. ದಾರದ ಮೊದಲ ತುದಿಯನ್ನು ಹೊಲಿಗೆಯ ಕೆಳಗೇ ಅಡಗಿಸಬೇಕು, ಕೊನೆಯ ತುದಿಯೂ ಹಾಗೆಯೇ ಮಾಯವಾಗಬೇಕು. ಸರಿಯಾಗಿ ಹಾಕಿದ ಗವಂತಿಯ ತೇರನ್ನು ತಿರುವಿ ನೋಡಿದರೆ ಅಲ್ಲಿಯೂ ಅದೇ ತೇರು. ಬಟ್ಟೆಗೆ ಬೆನ್ನೇ ಇಲ್ಲ.

ಈ ಹೊಲಿಗೆ ಜಗತ್ತಿನಲ್ಲಿ ಒಂಟಿಯೂ ಅಲ್ಲ. ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ಬಿಳಿ ಲಿನನ್ ಬಟ್ಟೆಯ ಮೇಲೆ ಕಪ್ಪು ರೇಷ್ಮೆಯಿಂದ ಇದೇ ಬಗೆಯ ಹೊಲಿಗೆ ಹಾಕುತ್ತಿದ್ದರು. ಆಸ್ಥಾನದ ಚಿತ್ರಕಾರ ಹ್ಯಾನ್ಸ್ ಹೋಲ್ಬೈನ್ 1536ರ ಸುಮಾರಿಗೆ ಬರೆದ ರಾಣಿ ಜೇನ್ ಸೀಮೋರಳ ಚಿತ್ರದಲ್ಲಿ ಅವಳ ಮುಂಗೈ ಪಟ್ಟಿಯ ಹೊಲಿಗೆಯನ್ನು ಎಷ್ಟು ನಿಖರವಾಗಿ ತೋರಿಸಿದ್ದಾನೆಂದರೆ, ಮುಂದೆ ಆ ಹೊಲಿಗೆಗೆ ಅವನ ಹೆಸರೇ ನಿಂತುಬಿಟ್ಟಿತು. ಅಲ್ಲಿ ಚಿತ್ರ ಬರೆದವನ ಹೆಸರು ಉಳಿಯಿತು, ಹೊಲಿದವಳ ಹೆಸರು ಉಳಿಯಲಿಲ್ಲ. ನಮ್ಮ ಕಡೆ ಯಾರ ಹೆಸರೂ ಅಂಟಿಕೊಳ್ಳದೆ ಗವಂತಿ ಗವಂತಿಯಾಗಿಯೇ ಉಳಿದಿದೆ.

ಮನೆಯಲ್ಲಿ ಲೆಕ್ಕ ಇಷ್ಟಪಡುವ ಮಗು ಇದ್ದರೆ ಇನ್ನೊಂದು ಸಂಗತಿ ಹೇಳಿ. 1736ರಲ್ಲಿ ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದನ್ನೂ ಒಂದೇ ಸಲ ದಾಟಿ ಊರು ಸುತ್ತುವುದು ಸಾಧ್ಯವಿಲ್ಲ ಎಂದು ಸಾಧಿಸಿ ತೋರಿಸಿದ. ಒಂದೇ ಸಲ ಎಂಬ ನಿಯಮವೇ ಅಲ್ಲಿನ ತೊಡಕು. ಪ್ರತಿ ಸೇತುವೆಯನ್ನೂ ಎರಡು ಸಲ ದಾಟಬಹುದು ಎಂದಿದ್ದರೆ ತೊಡಕೇ ಇರುತ್ತಿರಲಿಲ್ಲ. ಎಲ್ಲಿಂದ ಹೊರಟರೂ ಎಲ್ಲವನ್ನೂ ಮುಗಿಸಿ ಹೊರಟಲ್ಲಿಗೇ ಬರಬಹುದಿತ್ತು. ಗವಂತಿ ಮಾಡುವುದು ಇದನ್ನೇ. ಒಂದಕ್ಕೊಂದು ಕೂಡಿಕೊಂಡ ಗೆರೆಗಳ ಚಿತ್ರ ಎಂಥದ್ದೇ ಇರಲಿ, ಪ್ರತಿ ಗೆರೆಯ ಮೇಲೂ ಎರಡು ಸಲ, ಒಮ್ಮೆ ಬಟ್ಟೆಯ ಮೇಲೆ, ಒಮ್ಮೆ ಕೆಳಗೆ ನಡೆದು, ದಾರ ಕತ್ತರಿಸದೆ ಮೊದಲ ತೂತಿಗೇ ಹಿಂದಿರುಗಬಹುದು. ಅಡ್ಡದಾರಿ ಬಂದಾಗ ಅದರಲ್ಲಿ ಕೊನೆಯವರೆಗೆ ಹೋಗಿ, ಹಿಂದೆ ಬಂದು, ಮತ್ತೆ ಮುಖ್ಯದಾರಿ ಹಿಡಿಯುವುದೇ ಗುಟ್ಟು. ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳು ಈ ಲೆಕ್ಕವನ್ನು ಬೆರಳಲ್ಲಿ ಇಟ್ಟುಕೊಂಡಿದ್ದರು.

ಈ ಗುಟ್ಟೇ ನಿಮಗೆ ಪತ್ರ ಬರೆಯಲು ಕಾರಣ. ಕಸೂತಿಯ ಚಿತ್ರಗಳು ಈಗ ಪುಸ್ತಕಗಳಲ್ಲಿವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಗೃಹವಿಜ್ಞಾನ ಕಾಲೇಜಿನಲ್ಲಿ ಅಧ್ಯಯನ ನಡೆದಿದೆ. ಗ್ರಾಫ್ ಹಾಳೆಯ ಮೇಲೆ ಆನೆ, ನವಿಲುಗಳನ್ನು ಇಳಿಸಿಟ್ಟಿದ್ದಾರೆ. ಅವೆಲ್ಲ ಬೇಕಾದ ಕೆಲಸಗಳೇ. ಆದರೆ ಗ್ರಾಫ್ ಹಾಳೆ ಗೆರೆ ಎಲ್ಲಿದೆ ಎಂದು ಹೇಳುತ್ತದೆ, ಸೂಜಿ ಯಾವ ಗೆರೆಯಲ್ಲಿ ಮೊದಲು ಹೋಗಬೇಕು, ಆನೆಯ ಕಿವಿಯ ಹತ್ತಿರ ತಿರುಗಬೇಕೋ ಸೊಂಡಿಲು ಮುಗಿಸಿ ತಿರುಗಬೇಕೋ ಎಂದು ಹೇಳುವುದಿಲ್ಲ. ದಾರಿ ಗೊತ್ತಿಲ್ಲದವರು ಚಿತ್ರವನ್ನೇನೋ ಮುಗಿಸುತ್ತಾರೆ. ತಿರುವಿ ನೋಡಿದರೆ ಒಳಮೈಯಲ್ಲಿ ದಾರ ಅಲ್ಲಿಂದಿಲ್ಲಿಗೆ ಜಿಗಿದಿರುತ್ತದೆ, ಗಂಟುಗಳು ಕೂತಿರುತ್ತವೆ. ಆ ದಾರಿ ತಿಳಿದಿರುವುದು ನಿಮಗೆ, ಬಹುಶಃ ನಿಮ್ಮ ಬಾಯಿಗಿಂತ ಹೆಚ್ಚಾಗಿ ನಿಮ್ಮ ಕೈಗೆ. ಪಕ್ಕದಲ್ಲಿ ಕೂತು ನೋಡಿದವರಿಗೆ ಮಾತ್ರ ಅದು ದಾಟುತ್ತದೆ.

ಕಸೂತಿಯನ್ನು ಸಂತೆ ಉಳಿಸುತ್ತದೆ ಎಂಬ ಮಾತು ಅರ್ಧ ನಿಜ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಸ್ವಾತಂತ್ರ್ಯದ ನಂತರ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿ ದೇಶದ ಕೈಕಸುಬುಗಳಿಗೆ ಮಾರುಕಟ್ಟೆಯ ಬಾಗಿಲು ತೆರೆದರು. ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಕಾವೇರಿ ಎಂಪೋರಿಯಂನಲ್ಲಿ ಕಸೂತಿ ಸೀರೆ ಸಿಗುತ್ತದೆ. ಸಂಡೂರಿನ ಕುಶಲ ಕಲಾ ಕೇಂದ್ರ 1980ರ ದಶಕದಿಂದ ಲಂಬಾಣಿ ಹೆಣ್ಣುಮಕ್ಕಳ ಬೇರೆ ಬಗೆಯ ಹೊಲಿಗೆಗೂ ದುಡಿಮೆಯ ದಾರಿ ತೋರಿಸಿದೆ. 2023ರಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನೂ ಸೇರಿತು. ಇದೆಲ್ಲ ಹೆಮ್ಮೆಯ ಸಂಗತಿ.

ಆದರೆ ಎಳೆ ಎಣಿಸಿ ಹಾಕುವ ಕೆಲಸವನ್ನು ಗಂಟೆಯ ಕೂಲಿಯಲ್ಲಿ ಅಳೆಯಲು ಹೊರಟರೆ ಕಸೂತಿ ಯಾವಾಗಲೂ ಸೋಲುತ್ತದೆ. ಒಂದು ಸೀರೆ ತುಂಬ ಹಾಕಲು ತಿಂಗಳುಗಳೇ ಬೇಕು. ಅದೇ ನಮೂನೆಯನ್ನು ಕಂಪ್ಯೂಟರ್ ಎಂಬ್ರಾಯ್ಡರಿ ಯಂತ್ರ ಒಂದು ದಿನದೊಳಗೆ ಕುಟ್ಟಿ ಕೊಡುತ್ತದೆ. ಅಂಗಡಿಯಲ್ಲಿ ಅದಕ್ಕೂ ಕಸೂತಿ ಎಂದೇ ಹೆಸರು. ಕಲಿಯಬೇಕೆನ್ನುವ ಹುಡುಗಿಯರು ಬ್ಲೌಸಿಗೆ ಆರಿ ವರ್ಕ್ ಹಾಕುವ ತರಬೇತಿಗೆ ಹೋಗುತ್ತಾರೆ. ಆ ಕೊಕ್ಕೆ ಸೂಜಿ ಬೇಗ ಓಡುತ್ತದೆ, ಮದುವೆ ಕಾಲದಲ್ಲಿ ಕೈತುಂಬ ಕೆಲಸ ಸಿಗುತ್ತದೆ. ಅವರದು ಸರಿಯಾದ ಲೆಕ್ಕ, ಅದರಲ್ಲಿ ದೂರುವಂಥದ್ದೇನೂ ಇಲ್ಲ. ಹಾಗಾದರೆ ಕಸೂತಿಯನ್ನು ಯಾರು ಹಾಕಬೇಕು? ಕೂಲಿಯ ಲೆಕ್ಕ ಹಾಕಬೇಕಾಗಿಲ್ಲದವರು. ಶಾಲೆಯ ಮಗು, ಕಾಲೇಜಿನ ಹುಡುಗ, ನಿವೃತ್ತ ಗುಮಾಸ್ತ, ಸಂಜೆ ಕಂಪ್ಯೂಟರ್ ಮುಚ್ಚಿ ಏನಾದರೂ ಕೈಯಿಂದ ಮಾಡಬೇಕೆನ್ನಿಸುವ ಎಂಜಿನಿಯರ್. ನಿಮ್ಮ ಅಜ್ಜಿಯರು ಕೂಡ ತಮ್ಮ ಮಗಳ ಸೀರೆಗೆ ಹಾಕಿದ್ದು ಯಾರ ಬಿಲ್ಲಿಗೂ ಅಲ್ಲವಲ್ಲ.

ಹವ್ಯಾಸ ಎಂದರೆ ಅಗ್ಗದ ಮಾತು ಎಂದು ಕೆಲವರು ತಿಳಿಯುತ್ತಾರೆ. ಕಸೂತಿಯ ಮಟ್ಟಿಗೆ ಹವ್ಯಾಸಿಯೇ ಕಟ್ಟುನಿಟ್ಟಿನವನು. ಅವನಿಗೆ ಅವಸರವಿಲ್ಲ, ಆದ್ದರಿಂದ ದಾರ ಜಿಗಿಸುವ ಅಗತ್ಯವೂ ಇಲ್ಲ. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಎಂದು ಎಣಿಸುತ್ತಾ ಕೂತರೆ ಮನಸ್ಸಿನಲ್ಲಿ ಬೇರೆ ಮಾತಿಗೆ ಜಾಗವಿರುವುದಿಲ್ಲ. ಎಣಿಕೆಗೆ ಒಂದು ಗುಣವಿದೆ: ಒಂದೇ ಒಂದು ಎಳೆ ತಪ್ಪಿದರೆ ಅದು ಅಲ್ಲೇ ಕಾಣುವುದಿಲ್ಲ, ಇಪ್ಪತ್ತು ಹೊಲಿಗೆ ದಾಟಿದ ಮೇಲೆ ಎರಡು ಗೆರೆ ಕೂಡಬೇಕಾದಲ್ಲಿ ಕೂಡುವುದಿಲ್ಲ. ಆಗ ಹಿಂದೆ ಹೋಗಿ ತಪ್ಪು ಹುಡುಕಿ, ಬಿಚ್ಚಿ, ಮತ್ತೆ ಹಾಕಿ, ಗೋಪುರದ ತುದಿಯಲ್ಲಿ ಎರಡು ಗೆರೆಗಳು ಒಂದೇ ತೂತಿನಲ್ಲಿ ಸೇರಿದ ಕ್ಷಣದ ಸಂತೋಷವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಮಗದು ಗೊತ್ತು. ಅದನ್ನು ಇನ್ನೊಬ್ಬರಿಗೆ ಕೊಡಿ ಎನ್ನುವುದೇ ಕೋರಿಕೆ.

ಕಲಿಸುವಾಗ ಇಳಕಲ್ ಸೀರೆಯಿಂದ ಶುರು ಮಾಡಬೇಡಿ. ಅದರ ಎಳೆ ಹೊಸಬರ ಕಣ್ಣಿಗೆ ತೀರಾ ಸಣ್ಣದು, ಸೀರೆ ಕೆಟ್ಟೀತೆಂಬ ಹೆದರಿಕೆಯೂ ಸೇರಿ ಕೈ ನಡುಗುತ್ತದೆ. ದಾರದಂಗಡಿಯಲ್ಲಿ ಸಿಗುವ ಮ್ಯಾಟಿ ಬಟ್ಟೆ ಸಾಕು. ಅದರ ಚೌಕಗಳು ಬರಿಗಣ್ಣಿಗೆ ಕಾಣುತ್ತವೆ, ಮಗು ಎಳೆಯ ಬದಲು ಚೌಕ ಎಣಿಸುತ್ತದೆ. ತುದಿ ಮೊಂಡಾದ ಸೂಜಿ ಕೊಡಿ. ಬೆರಳಿಗೆ ಚುಚ್ಚುವುದಿಲ್ಲ ಎಂಬುದು ಒಂದು ಲಾಭ, ಹಿಂದಿರುಗುವಾಗ ಹಳೆಯ ಹೊಲಿಗೆಯ ದಾರವನ್ನೇ ಸೀಳಿಕೊಂಡು ಹೋಗುವುದಿಲ್ಲ ಎಂಬುದು ದೊಡ್ಡ ಲಾಭ. ಆಂಕರ್ ದಾರದ ಒಂದು ಲಡಿ ಎಂಟು ಮೀಟರ್, ಅದರಲ್ಲಿ ಆರು ಎಳೆ. ಮ್ಯಾಟಿಗೆ ಎರಡೋ ಮೂರೋ ಎಳೆ ಬಿಡಿಸಿಕೊಂಡರೆ ಸರಿ. ಉದ್ದ ಒಂದು ಮೊಳ ದಾಟದಿರಲಿ. ಪದೇ ಪದೇ ಸೂಜಿ ಪೋಣಿಸುವ ಬೇಸರಕ್ಕೆ ಮಕ್ಕಳು ಮಾರುದ್ದ ದಾರ ಕತ್ತರಿಸಿಕೊಳ್ಳುತ್ತಾರೆ. ಹತ್ತು ಹೊಲಿಗೆ ಆಗುವಷ್ಟರಲ್ಲಿ ಅದು ಸಿಕ್ಕಾಗಿ ಆಸಕ್ತಿಯೂ ಅಲ್ಲೇ ಮುಗಿಯುತ್ತದೆ.

ಮೊದಲ ದಿನ ನೇರ ಗೆರೆ ಹೋಗಿ ಬರಲಿ. ಹಿಂದಿರುಗುವ ಹೊಲಿಗೆ ಪ್ರತಿ ತೂತಿನಲ್ಲೂ ಹಳೆಯ ದಾರದ ಒಂದೇ ಬದಿಯಿಂದ ಮೇಲೆ ಬಂದು, ಇನ್ನೊಂದು ಬದಿಯಿಂದ ಕೆಳಗಿಳಿದರೆ ಗೆರೆ ಚಾಕುವಿನ ಅಲಗಿನಂತೆ ನೆಟ್ಟಗಿರುತ್ತದೆ ಎಂದು ತೋರಿಸಿ. ಎರಡನೆಯ ದಿನ ಒಂದು ಅಡ್ಡಗೆರೆಯ ಕವಲು ಕೊಡಿ. ಅಲ್ಲಿ ಮಗು ತಡೆದು ನಿಂತು ಯೋಚಿಸುತ್ತದೆ. ಆ ಹೊತ್ತಿನಲ್ಲಿ ನೀವು ಸುಮ್ಮನಿರುವುದೇ ಪಾಠ. ದಾರಿಯನ್ನು ಬೆರಳಿನಿಂದ ಬಟ್ಟೆಯ ಮೇಲೆ ಆಡಿಸಿ ನೋಡಲಿ, ರಂಗೋಲಿ ಚುಕ್ಕಿಯ ಸುತ್ತ ಗೆರೆ ಓಡಿಸಿದಂತೆ. ಆ ಒಂದು ಕವಲನ್ನು ತಾನಾಗಿ ದಾಟಿದ ಮಗು ತುಳಸಿ ಕಟ್ಟೆ ಹಾಕದೆ ಬಿಡುವುದಿಲ್ಲ.

ಎಡಗೈ ಬಳಸುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ, ಎದುರಿಗೆ ಕೂರಿಸಿ. ಕನ್ನಡಿಯಲ್ಲಿ ನೋಡಿದಂತೆ ನಿಮ್ಮ ಕೈ ಅವರ ಕೈಗೆ ಹೊಂದುತ್ತದೆ. ಬಲಗೈಯಲ್ಲೇ ಹಾಕು ಎಂದು ಒತ್ತಾಯಿಸುವುದು ಖಂಡಿತ ಬೇಡ, ಗವಂತಿಗೆ ಎಡಬಲ ಇಲ್ಲ. ಮುಂದೆ ಕಪ್ಪು ಬಟ್ಟೆಗೆ ಹೋದಾಗ ಎಳೆ ಕಾಣುವುದಿಲ್ಲ ಎಂಬ ದೂರು ಬರುತ್ತದೆ. ತೊಡೆಯ ಮೇಲೆ ಬಿಳಿ ಪಂಚೆಯ ತುಂಡು ಹಾಸಿಕೊಂಡು, ಅದರ ಮೇಲೆ ಕಪ್ಪು ಬಟ್ಟೆ ಹಿಡಿದು, ಹಗಲು ಬೆಳಕಿಗೆ ಕೂತರೆ ಎಳೆಗಳ ನಡುವಿನ ಸಂದಿ ತಾನಾಗಿ ಎದ್ದು ಕಾಣುತ್ತದೆ. ಕಣ್ಣು ಮಂಜಾದ ನಿಮ್ಮಲ್ಲಿ ಕೆಲವರಿಗೂ ಈ ಉಪಾಯ ಒದಗೀತು.

ಎಣಿಸಲಾಗದ ನುಣುಪಾದ ಬಟ್ಟೆಯ ಮೇಲೆ ಹಾಕಬೇಕೆಂದರೆ ಮ್ಯಾಟಿಯ ತುಂಡನ್ನು ಮೇಲೆ ಟಾಕಿ, ಎರಡನ್ನೂ ಸೇರಿಸಿ ಹಾಕಿ, ಮುಗಿದ ಮೇಲೆ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಹಳಬರಲ್ಲಿ ಕೆಲವರಿಗೆ ಇದು ಸರಿಬರುವುದಿಲ್ಲ. ಆದರೆ ಹುಡುಗಿಯೊಬ್ಬಳು ತನ್ನ ಕುರ್ತಾದ ಮೇಲೆ ನವಿಲು ಹಾಕಿಕೊಂಡು ಕಾಲೇಜಿಗೆ ಹೋಗುವಂತಾದರೆ ಆ ಉಪಾಯವನ್ನು ಒಪ್ಪಬೇಕು. ಬಟ್ಟೆ ಬದಲಾಗಬಹುದು, ಸೂಜಿಯ ದಾರಿ ಬದಲಾಗಬಾರದು.

ಗಂಡುಮಕ್ಕಳಿಗೆ ಏಕೆ ಎಂದು ಯಾರಾದರೂ ಕೇಳಿದರೆ ಉತ್ತರ ಹತ್ತಿರದಲ್ಲೇ ಇದೆ. ಜರ್ದೋಜಿ ಹಾಕುವವರು, ಕಾಶ್ಮೀರದ ಶಾಲುಗಳ ಮೇಲೆ ಸೋಜ್ನಿ ಹಾಕುವವರು ಹೆಚ್ಚಾಗಿ ಗಂಡಸರು. ದೂರದ ಉದಾಹರಣೆ ಬೇಕಾದರೆ ಲಂಡನ್ನಿನ ಸೇಂಟ್ ಪಾಲ್ ಚರ್ಚಿನದು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದ್ದ 130ಕ್ಕೂ ಹೆಚ್ಚು ಸೈನಿಕರು, ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ದಕ್ಷಿಣ ಆಫ್ರಿಕಾದವರು, ಸೂಜಿ ಹಿಡಿದು ಅಲ್ಲಿನ ಪೂಜಾಪೀಠದ ಮುಂದಿನ ವಸ್ತ್ರವನ್ನು ಹೊಲಿದರು. 1919ರ ಕೃತಜ್ಞತಾ ಪ್ರಾರ್ಥನೆಯಲ್ಲಿ ಅದು ಬಳಕೆಯಾಯಿತು. 2014ರಲ್ಲಿ, ಯುದ್ಧ ಶುರುವಾಗಿ ನೂರು ವರ್ಷವಾದಾಗ, ಮತ್ತೆ ಜನರ ಮುಂದೆ ಬಂತು. ಬಂದೂಕು ಹಿಡಿದು ನಡುಗುತ್ತಿದ್ದ ಕೈಗಳನ್ನು ಸಮಾಧಾನಕ್ಕೆ ತರಲು ವೈದ್ಯರು ಆರಿಸಿದ ಕೆಲಸಗಳಲ್ಲಿ ಸೂಜಿ ಕೆಲಸವೂ ಒಂದಾಗಿತ್ತು. ನಿಮ್ಮ ಮೊಮ್ಮಗ ಅಡುಗೆಮನೆಯ ಬಾಗಿಲಲ್ಲಿ ನಿಂತು ನಿಮ್ಮ ಕೈ ನೋಡುತ್ತಿದ್ದರೆ ಅವನನ್ನು ಆಟಕ್ಕೆ ಅಟ್ಟಬೇಡಿ.

ಶಾಲೆಗಳ ಬಾಗಿಲೂ ಈಗ ಸ್ವಲ್ಪ ತೆರೆದಿದೆ. ಒಂದು ಕಾಲಕ್ಕೆ ನಮ್ಮ ಪ್ರೌಢಶಾಲೆಗಳಲ್ಲಿ ಹೊಲಿಗೆ ಟೀಚರ್ ಎಂಬವರಿದ್ದರು. ರುಮಾಲಿನ ಅಂಚು ಮಡಿಸುವುದು, ಕಾಜಾ ಹಾಕುವುದು, ಸೂಜಿಯ ಹತ್ತಾರು ಹೊಲಿಗೆಗಳು ಅವರಿಂದ ಬಂದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಹತ್ತು ದಿನ ಬ್ಯಾಗಿಲ್ಲದೆ ಊರಿನ ಕುಶಲಕರ್ಮಿಗಳ ಬಳಿ ಕಲಿಯುವ ಅವಕಾಶ ಇರಬೇಕೆಂದು ಹೇಳಿದೆ. ಬಡಗಿ, ಕುಂಬಾರ, ತೋಟಗಾರ ಎಂದು ಅದು ಹೆಸರಿಸುತ್ತದೆ. ಧಾರವಾಡ ಜಿಲ್ಲೆಯ ಹಳ್ಳಿಯಲ್ಲಿ ಆ ಪಟ್ಟಿಗೆ ಕಸೂತಿ ಬಲ್ಲ ಅಜ್ಜಿ ಏಕೆ ಸೇರಬಾರದು? ಮುಖ್ಯೋಪಾಧ್ಯಾಯರು ನಿಮ್ಮನ್ನು ಹುಡುಕಿಕೊಂಡು ಬರಲಿ ಎಂದು ಕಾಯಬೇಡಿ, ಪಡಸಾಲೆಯಲ್ಲಿ ಎರಡು ತಾಸು ಕೂತು ಹಾಕಿ ತೋರಿಸುತ್ತೇನೆ ಎಂದು ನೀವೇ ಹೇಳಿ ಕಳುಹಿಸಿ.

ಇನ್ನೊಂದು ಕೆಲಸ ಬಾಕಿ ಇದೆ. ನಿಮಗೆ ಬರುವ ಎಲ್ಲ ನಮೂನೆಗಳನ್ನೂ ಒಂದು ಗಜ ಬಟ್ಟೆಯ ಮೇಲೆ ಒಂದೊಂದು ಸಲ ಹಾಕಿಡಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇಂಥದೊಂದು ಬಟ್ಟೆ ಇದೆ. 1598ರಲ್ಲಿ ಜೇನ್ ಬೋಸ್ಟಾಕ್ ಎಂಬಾಕೆ ಹಾಕಿದ್ದು; ಇಸವಿ ಹೊಲಿದಿರುವ ಬ್ರಿಟಿಷ್ ಮಾದರಿ ಬಟ್ಟೆಗಳಲ್ಲಿ ಅದಕ್ಕಿಂತ ಹಳೆಯದು ಸಿಕ್ಕಿಲ್ಲ. ಬಳ್ಳಿ, ನಾಯಿ, ಜಿಂಕೆ, ಅಕ್ಷರಮಾಲೆ, ಬಗೆಬಗೆಯ ಹೊಲಿಗೆಗಳ ತುಣುಕುಗಳು ಅದರಲ್ಲಿವೆ. ಜೊತೆಗೆ ಆಲಿಸ್ ಲೀ ಎಂಬ ಮಗು 1596ರ ನವೆಂಬರ್ 23ರ ಮಂಗಳವಾರ ಮಧ್ಯಾಹ್ನ ಹುಟ್ಟಿತು ಎಂಬ ಮಾತನ್ನೂ ಆಕೆ ದಾರದಲ್ಲಿ ಬರೆದಿದ್ದಾಳೆ. ಎರಡು ವರ್ಷದ ಕೂಸಿಗಾಗಿ ಹಾಕಿದ ಬಟ್ಟೆಯಿಂದ ನಾಲ್ಕು ಶತಮಾನಗಳ ನಂತರದವರು ಅಂದಿನ ಹೊಲಿಗೆಗಳನ್ನು ಕಲಿಯುತ್ತಿದ್ದಾರೆ.

ನಿಮ್ಮ ಬಟ್ಟೆಯ ಮೇಲೆ ತೇರಿನ ಕೆಳಗೆ ತೇರು ಎಂದು, ಗೋಪುರದ ಕೆಳಗೆ ಗೋಪುರ ಎಂದು ನಿಮ್ಮ ಮನೆಯಲ್ಲಿ ಕರೆಯುವ ಹೆಸರನ್ನೇ ಹೊಲಿಯಿರಿ. ಗ್ರಂಥದ ಕನ್ನಡ ಬೇಡ, ತುಳಸಿ ಕಟ್ಟಿ ಎನ್ನುವವರು ಹಾಗೆಯೇ ಬರೆಯಿರಿ. ಪ್ರತಿ ನಮೂನೆಯಲ್ಲೂ ಸೂಜಿ ಹೊರಟ ತೂತಿನ ಪಕ್ಕದಲ್ಲಿ ಬೇರೆ ಬಣ್ಣದ ಒಂದು ಚುಕ್ಕಿ ಹೊಲಿಗೆ ಇಡಿ. ಮುಂದೆ ನೋಡುವವರಿಗೆ ದಾರಿ ಎಲ್ಲಿಂದ ಶುರುವಾಯಿತೆಂದು ತಿಳಿಯಲಿ. ನಿಮಗೆ ಕಲಿಸಿದವರ ಹೆಸರನ್ನು ಒಂದು ಮೂಲೆಯಲ್ಲಿ, ನಿಮ್ಮದನ್ನು ಇನ್ನೊಂದು ಮೂಲೆಯಲ್ಲಿ, ಇಸವಿಯ ಸಮೇತ ಹಾಕಿ. ಮೂರನೆಯ ಮೂಲೆಯನ್ನು ನಿಮ್ಮಿಂದ ಕಲಿಯುವವರಿಗೆ ಖಾಲಿ ಬಿಡಿ.

ನಾಗರ ಪಂಚಮಿಗೆ ಮಕ್ಕಳು, ಮೊಮ್ಮಕ್ಕಳು ತವರಿಗೆ ಬರುತ್ತಾರೆ. ಅಷ್ಟರೊಳಗೆ ಒಂದು ಮೀಟರ್ ಬಿಳಿ ಮ್ಯಾಟಿ, ಎರಡು ಮೊಂಡು ಸೂಜಿ, ಕೆಂಪು, ಹಸಿರು, ಹಳದಿ ದಾರದ ಒಂದೊಂದು ಲಡಿ ತಂದಿಟ್ಟುಕೊಂಡಿರಿ.